ಗ್ಯಾಸ್ ಲೈನಿಗೆ ನೀರಿನ ಪೈಪು ಹಾಕಬೇಡಿ

ಹಾಸನದಲ್ಲಿ ಗೃಹಪ್ರವೇಶಕ್ಕೆ ಸಿದ್ಧವಾದ ಮನೆಯೊಂದನ್ನು ಇವತ್ತು ನೋಡಿದೆ. ಇನ್ನೂ ಸಿಟ್ಟು ಇಳಿದಿಲ್ಲ. ಸಿಲಿಂಡರ್ ಹಿಂದಿನ ಯುಟಿಲಿಟಿಯಲ್ಲಿ, ಒಲೆ ಅಡುಗೆಮನೆಯಲ್ಲಿ, ನಡುವೆ ಗೋಡೆಯೊಳಗೆ ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪು! ಬಿಸಿನೀರಿನ ಲೈನಿಗೆ ತಂದು ಉಳಿದಿದ್ದ ತುಂಡು. ಗ್ರಾನೈಟಿಗೆ ಲಕ್ಷಗಟ್ಟಲೆ ಸುರಿಯುವವರು ನಾಲ್ಕಡಿ ತಾಮ್ರ ತರೋದಿಲ್ಲ ಅಂದರೆ ಏನು ಹೇಳಲಿ?

'ಗ್ಯಾಸಿನ ಪ್ರೆಶರ್ ನೀರಿಗಿಂತ ಕಡಿಮೆ, ಏನೂ ಆಗಲ್ಲ' ಅಂತಾರೆ. ಕಡಿಮೆ ಅನ್ನೋದು ನಿಜ, ರೆಗ್ಯುಲೇಟರ್ ದಾಟಿದ ಮೇಲೆ ಸುಮಾರು 30 ಮಿಲಿಬಾರ್ ಅಷ್ಟೇ. ಆದರೆ ಒಲೆ ಹತ್ತಿರ ಬೆಂಕಿ ಬಿದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಬಾಯಿ ಬಿಡುತ್ತೆ, ಉರಿಗೆ ಗ್ಯಾಸು ಸೇರುತ್ತಲೇ ಇರುತ್ತೆ. ನೀರು ಸೋರಿದರೆ ಗೋಡೆ ಒದ್ದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ನೆಲ ಹಿಡಿದು ಫ್ರಿಡ್ಜಿನ ಬುಡದಲ್ಲಿ ನಿಲ್ಲುತ್ತೆ. ಅಲ್ಲಿ ಒಂದು ಕಿಡಿ ಸಾಕು.

ತಾಮ್ರವೇ ಹಾಕಿಸಿ. ಗೋಡೆ ದಾಟುವಲ್ಲಿ ಸ್ಲೀವ್ (ಹೊರಗಿನ ದೊಡ್ಡ ಕೊಳವೆ) ಇಟ್ಟು ಒಂದೇ ತುಂಡು ಹಾಯಿಸಿ, ಗೋಡೆಯೊಳಗೆ ಜಾಯಿಂಟ್ ಬೇಡವೇ ಬೇಡ. ಮಿಕ್ಕಿದ್ದು ಕಣ್ಣಿಗೆ ಕಾಣುವಂತೆ ಕ್ಲಾಂಪ್ ಮೇಲೆ ಇರಲಿ. ಜಿಐ (ಸತು ಲೇಪಿಸಿದ ಕಬ್ಬಿಣದ ಪೈಪು) ಹಾಕಲೇಬೇಕು ಅಂದರೆ ಕೆಂಪು ಪಟ್ಟಿಯ ಸಿ ಕ್ಲಾಸ್, ಅಂದರೆ ದಪ್ಪ ಗೋಡೆಯದ್ದು, ತಂದು ಬಣ್ಣ ಹೊಡೆಸಿ. ಚಿಕ್ಕಮಗಳೂರು ಕಡೆಯ ಮಳೆಗೆ ಬಣ್ಣವಿಲ್ಲದ ಥ್ರೆಡ್ (ಪೈಪಿನ ತುದಿಯ ತಿರುಪು) ಬೇಗ ತುಕ್ಕು ಹಿಡಿಯುತ್ತೆ.

ಜಾಯಿಂಟ್‌ಗಳಲ್ಲೂ ಅದೇ ನೀರಿನ ಬುದ್ಧಿ! ಸುತಲಿ ನಾರು ಸುತ್ತಿ, ಸಫೇದ (ಬಿಳಿ ಪೇಸ್ಟ್) ಬಳಿದು ಬಿಗಿದುಬಿಡ್ತಾರೆ. ನೀರಿನ ಲೈನಿನಲ್ಲಿ ನಾರು ನೀರು ಕುಡಿದು ಊದಿಕೊಂಡು ಸಂದು ಮುಚ್ಚುತ್ತೆ. ಗ್ಯಾಸು ಒಣ, ನಾರು ಒಣಗಿ ಸೊರಗಿ ಸಂದಿನಲ್ಲಿ ಸೋರಿಕೆ ಶುರು. ಗ್ಯಾಸಿಗೆಂದೇ ಬರುವ ದಪ್ಪ ಹಳದಿ ಟೆಫ್ಲಾನ್ ಟೇಪ್ ಕೇಳಿ ತನ್ನಿ. ತುದಿಯ ಮೊದಲ ಥ್ರೆಡ್ ಬಿಟ್ಟು ಸುತ್ತಿಸಿ, ಇಲ್ಲದಿದ್ದರೆ ಚೂರು ಒಳಗೆ ಹೋಗಿ ಬರ್ನರ್ ಜೆಟ್ ಕಟ್ಟುತ್ತೆ. ತಾಮ್ರದ ಫ್ಲೇರ್ ಜಾಯಿಂಟಿಗೆ (ಪೈಪಿನ ಬಾಯಿ ಅಗಲಿಸಿ ನಟ್ಟಿನಿಂದ ಬಿಗಿಯುವುದು) ಟೇಪೇ ಬೇಡ, ಅಲ್ಲಿ ಲೋಹಕ್ಕೆ ಲೋಹವೇ ಕೂರಬೇಕು.

ಒಲೆಯ ಹತ್ತಿರ ಕೈಗೆ ಎಟುಕುವಂತೆ ಗ್ಯಾಸಿನ ಬಾಲ್ ವಾಲ್ವ್ ಇರಲಿ. ಸಿಲಿಂಡರ್ ಜೋಡಿಸುವ ಮುಂಚೆ ಲೈನಿಗೆ ಗಾಳಿ ತುಂಬಿಸಿ ಪ್ರೆಶರ್ ಗೇಜ್ ಹಾಕಿಸಿ. ಮುಳ್ಳು ಇಳಿದರೆ ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕಿ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವವರನ್ನು ಅವತ್ತೇ ಕಳಿಸಿಬಿಡಿ.

ಲೈನಿನ ತುದಿಗೆ ಜೋಡಿಸುವ ಕಿತ್ತಳೆ ಬಣ್ಣದ ಸುರಕ್ಷಾ ರಬ್ಬರ್ ಹೋಸು ಒಂದೂವರೆ ಮೀಟರ್ ಮೀರದಿರಲಿ, ಗೋಡೆ ತೂತಿನಲ್ಲಂತೂ ತೂರಿಸಬೇಡಿ. ಅದರ ಮೇಲೆ ಅಚ್ಚಾದ ವರ್ಷ ಇವತ್ತೇ ನೋಡಿ, 5 ವರ್ಷ ದಾಟಿದ್ದರೆ ಬದಲಿಸಿ.