ಎಲ್ ಕೇಳಿದರೆ ಎಫ್ ಕೊಟ್ಟ ಪುಣ್ಯಾತ್ಮ

ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದೇನೆ. ಒಂದೇ ಒಂದು ಅಕ್ಷರಕ್ಕೆ.

ನಮ್ಮ ಕಡೆ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಮೀಟಿಂಗ್ ನಡುವೆಯೇ ರೂಟರ್ ಆಫ್. ಪವರ್ ಬ್ಯಾಂಕ್ ಇದೆ, ಅದು ಕೊಡುವುದು 5 ವೋಲ್ಟ್. ರೂಟರ್‌ಗೆ ಬೇಕಿರುವುದು 12. ಆನ್ ಆಫ್ ಅಂತ ತಾಳ ಹಾಕುವ ಒಂದು 555 ಐಸಿ, ಆ ತಾಳಕ್ಕೆ ಕರೆಂಟ್ ಬಿಟ್ಟು ತಡೆಯುವ ಸ್ವಿಚ್ಚಾಗಿ ಒಂದು ಮಾಸ್ಫೆಟ್, ಕಾಯಿಲ್, ಡಯೋಡ್, ಕೆಪಾಸಿಟರ್. ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್ ಅಂದರೆ ಇಷ್ಟೇ ಅಲ್ವಾ ಅಂದುಕೊಂಡೆ.

ಮೊದಲ ದಿನವೇ ಕೆಪಾಸಿಟರ್ ಢಂ ಅಂತು. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಆಚೆ ಬರುವ ವೋಲ್ಟೇಜ್ ನೋಡಿ ಹಿಡಿತ ಹಾಕುವ ಫೀಡ್‌ಬ್ಯಾಕ್ ಇಲ್ಲದೆ, ಕರೆಂಟ್ ಎಳೆದುಕೊಳ್ಳುವ ಲೋಡೂ ಇಲ್ಲದೆ ಬೂಸ್ಟ್ ಓಡಿಸಿದರೆ ವೋಲ್ಟೇಜ್ ಏರುತ್ತಲೇ ಹೋಗುತ್ತದೆ. 25 ವೋಲ್ಟಿನ ಕೆಪಾಸಿಟರ್ ಎಷ್ಟು ಅಂತ ತಡೆದೀತು? ಆ ಹಿಡಿತಕ್ಕೆ ಅಂತ ಒಂದು ಜೀನರ್ ಡಯೋಡ್, ಒಂದು ಟ್ರಾನ್ಸಿಸ್ಟರ್ ಹಾಕಿದೆ. ಮೀಟರ್‌ನಲ್ಲಿ 12 ಚೆನ್ನಾಗಿ ನಿಂತಿತು. ಖುಷಿಯಿಂದ ರೂಟರ್ ಸಿಕ್ಕಿಸಿದೆ. 6.8! ರೂಟರ್ ಲೈಟು ಒಂದ್ಸಲ ಮಿನುಗಿ ಸತ್ತಿತು.

ಡಯೋಡ್ ಮೇಲೆ ಅನುಮಾನ ಬಂತು. ಹಾಕಿದ್ದು 4007 ನಂಬರಿನದು. ಅದು ಮನೆ ಕರೆಂಟಿನ 50 ಹರ್ಟ್ಜ್‌ಗೆ ಸರಿ, ಸೆಕೆಂಡಿಗೆ 50 ಸಾವಿರ ಸಲ ಆನ್ ಆಫ್ ಮಾಡು ಅಂದರೆ ಪಾಪ ಏನು ಮಾಡೀತು. ತೆಗೆದು, ಬೇಗ ಆನ್ ಆಫ್ ಆಗುವ 5822 ಶಾಟ್ಕಿ ಡಯೋಡ್ ಹಾಕಿದೆ. 7.4ಕ್ಕೆ ಬಂತು. ಆಮೇಲೆ ಬೆಸುಗೆ ಇಲ್ಲದೆ ತೂತಿಗೆ ಸಿಕ್ಕಿಸುವ ಬ್ರೆಡ್‌ಬೋರ್ಡ್ ಮೇಲೆ ಅನುಮಾನ. 6 ವ್ಯಾಟ್ ಆಚೆ ಬರಬೇಕಾದರೆ 5 ವೋಲ್ಟ್ ಕಡೆಯಿಂದ ನಷ್ಟವೂ ಸೇರಿ ಒಂದೂವರೆ ಆಂಪಿಯರ್ ಎಳೆಯಬೇಕು, ಆ ಸಡಿಲ ತೂತುಗಳಲ್ಲಿ ಅದು ಹರಿಯುತ್ತದಾ? ಎಲ್ಲ ಕಿತ್ತು ಬೇರೆ ಬೋರ್ಡ್ ಮೇಲೆ ಬೆಸುಗೆ ಹಾಕಿದೆ. ಕಾಯಿಲ್ ಬಿಚ್ಚಿ ದಪ್ಪ ತಂತಿ ಸುತ್ತಿದೆ. ಬೆರಳು ಸುಟ್ಟುಕೊಂಡೆ. ಅಮ್ಮ ದಿನಾ ರಾತ್ರಿ ಬಂದು "ಅಂಗಡೀಲಿ ರೆಡಿ ಸಿಗಲ್ವೇನೋ?" ಅಂತ ಕೇಳಿ ಹೋಗುತ್ತಿದ್ದರು. ಸಿಗುತ್ತಮ್ಮ, ಸಿಗುತ್ತೆ!

ನಾಲ್ಕನೇ ರಾತ್ರಿ ಮಾಸ್ಫೆಟ್ ಮುಟ್ಟಿದೆ. ಕಾದ ಹಂಚು. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಅದರ ಬೆನ್ನ ಮೇಲಿನ ಅಕ್ಷರ ಓದಿದೆ. ನಾನು ಕೇಳಿದ್ದು ಐಆರ್‌ಎಲ್‌ಜೆಡ್44ಎನ್. ಅಲ್ಲಿದ್ದದ್ದು ಐಆರ್‌ಎಫ್‌ಜೆಡ್44ಎನ್!

ಎಲ್ ಇರುವುದು ಗೇಟಿಗೆ, ಅಂದರೆ ಅದನ್ನು ತೆರೆಸುವ ಕಾಲಿಗೆ, 5 ವೋಲ್ಟ್ ಕೊಟ್ಟರೆ ಪೂರ್ತಿ ತೆರೆದುಕೊಳ್ಳುತ್ತದೆ, 4ಕ್ಕೂ, ಇನ್ನೂ ಸ್ವಲ್ಪ ಕಡಿಮೆಗೂ ಕೆಲಸ ಮಾಡುತ್ತದೆ. ಎಫ್ ಇರುವುದಕ್ಕೆ 10 ಬೇಕು. ನನ್ನ 555 ಕೊಡುತ್ತಿದ್ದದ್ದು ಮೂರು ಚಿಲ್ಲರೆ. ಬಾಗಿಲು ಅರ್ಧ ತೆಗೆದು ಅದರಲ್ಲೇ ಬೀರು ಸಾಗಿಸಿದ ಹಾಗೆ. ಬಿಸಿ ಆಗದೆ ಇನ್ನೇನಾಗುತ್ತದೆ?

ಚೀಟಿಯಲ್ಲಿ ಬರೆದುಕೊಟ್ಟಿದ್ದೆ ಕಣ್ರೀ! ಅದಕ್ಕೇ ಅಂತ ತುಮಕೂರಿಂದ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿದ್ದೆ. ಶನಿವಾರ ಮತ್ತೆ ಹೋಗಿ ತೋರಿಸಿದೆ. ಅಂಗಡಿಯಾತ ತಲೆ ಕೂಡ ಎತ್ತಲಿಲ್ಲ. "ಎರಡೂ 44 ಅಲ್ವಾ ಸಾರ್, ಎಲ್ಲರೂ ಇದನ್ನೇ ಹಾಕೋದು." ಎಲ್ಲರೂ ಅಂದರೆ ಯಾರು? ವಾಪಸ್ ತಗೊಳ್ಳಿ ಅಂದರೆ, "ಬೆಸುಗೆ ಹಾಕಿದ ಮಾಲು ತಗೊಳ್ಳಲ್ಲ."

ನಾಲ್ಕು ಅಂಗಡಿ ಆಚೆ ಒಬ್ಬ ಹುಡುಗ ಡಬ್ಬಿ ತೆರೆದು, ಅಕ್ಷರ ತೋರಿಸಿ ಎಲ್ ಕೊಟ್ಟ. ಮನೆಗೆ ಬಂದು ಹಾಕಿದೆ. 11.9. ರೂಟರ್ ಎದ್ದು ಕೂತಿತು. ಅಷ್ಟರಲ್ಲಿ ಬೀದಿ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿ ಹೋಗಿದ್ದಾರೆ. ಮೂರು ದಿನದಿಂದ ಕರೆಂಟೇ ಹೋಗಿಲ್ಲ.