ಥ್ರೆಡ್ ಸಮ ಬಿಟ್ಟರೆ ಕಾರು ಸಮ ನಿಲ್ಲುವುದಿಲ್ಲ

ಬೆಳಗಾವಿಯ ಕಾರು ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಕಾಯ್ಲೋವರ್ ಸಸ್ಪೆನ್ಷನ್‌ನಲ್ಲಿ ಎಡಬಲ ಒಂದೇ ಅಳತೆಯ ಥ್ರೆಡ್ ಬಿಡಿ, ಎತ್ತರ ತಾನಾಗೇ ಸಮ ಆಗುತ್ತದೆ." ಕಾಯ್ಲೋವರ್ ಅಂದರೆ ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಇರುವ ಸಸ್ಪೆನ್ಷನ್; ಅದರ ಮೈಮೇಲಿನ ಥ್ರೆಡ್, ಅಂದರೆ ಸ್ಕ್ರೂ ಸುತ್ತಿನಲ್ಲಿ ಕಾಲರ್ ತಿರುಗಿಸಿ ಕಾರಿನ ಎತ್ತರ ಬದಲಿಸುತ್ತಾರೆ. ಆದರೆ ಆ ಮೆಸೇಜ್ ಹೇಳುವುದು ತಪ್ಪು. ಡ್ರೈವರ್, ಬ್ಯಾಟರಿ ಎಲ್ಲ ಸೇರಿ ಎರಡೂ ಬದಿಯ ಭಾರ ಒಂದೇ ಇರುವುದಿಲ್ಲ. ಥ್ರೆಡ್ ಲೆಕ್ಕ ಶುರು ಮಾಡುವುದಕ್ಕೆ ಮಾತ್ರ.

ಅಳೆಯಬೇಕಾದ್ದು ಚಕ್ರದ ನಡುವಿನಿಂದ ಮೇಲಿನ ಫೆಂಡರ್ (ಚಕ್ರದ ಮೇಲಿರುವ ಬಾಡಿ ಭಾಗ) ಅಂಚಿನವರೆಗೆ. ನೆಲ ಮಟ್ಟಸ ಇರಲಿ, ಟೈರ್ ಗಾಳಿ ಎಡಬಲ ಸಮ ಇರಲಿ. ಜ್ಯಾಕ್ ಇಳಿಸಿದ ಕೂಡಲೇ ಅಳೆಯಬೇಡಿ, ದಯವಿಟ್ಟು. ಆಗ ಟೈರ್ ನೆಲ ಹಿಡಿದುಕೊಂಡು ಕಾರು ಇನ್ನೂ ಎತ್ತರದಲ್ಲೇ ನಿಂತಿರುತ್ತದೆ. ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಆಮೇಲೆ ಟೇಪ್ ಹಿಡಿಯಿರಿ. ಒಂದು ಮೂಲೆಯ ಕಾಲರ್ ತಿರುಗಿಸಿದರೆ ಉಳಿದ ಮೂಲೆಗಳ ಎತ್ತರವೂ ಬದಲಾಗುತ್ತದೆ, ಹಾಗಾಗಿ ಪ್ರತಿಸಲ ನಾಲ್ಕನ್ನೂ ಅಳೆಯಿರಿ. ಕೊನೆಗೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು, ಇಲ್ಲದಿದ್ದರೆ ಟೈರ್ ಸುಮ್ನೆ ಸವೆಯುತ್ತದೆ.

ಆ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ.