ಗುಡ್ಡೆಗೆ ಜೆಸಿಬಿ ತಾಗಿಸದೆ ಆಡುವ ಆಟ

“ನಿಮ್ಮಲ್ಲಿ ಮಕ್ಕಳಿಗೆ ಆಡ್ಲಿಕ್ಕೆ ಒಂದು ಜಾಗ ಅಂತ ಇಲ್ಲವಲ್ಲ ಭಾವ, ಎಲ್ಲಿ ನೋಡಿದ್ರೂ ಗುಡ್ಡೆ. ಎರಡು ದಿನ ಜೆಸಿಬಿ ಹಿಡಿಸಿದ್ರೆ ತಟ್ಟು ಆಗ್ತದೆ.”

ಪೂಜೆಗೆಂದು ಮಂಗಳೂರಿನಿಂದ ಬಂದ ನೆಂಟರು ಊಟದ ಮೇಲೆ ಎಲೆಯಡಿಕೆ ಹಾಕುತ್ತಾ ಹೇಳಿದ ಮಾತು. ಅಕ್ಕರೆಯಿಂದಲೇ ಹೇಳಿದ್ದು, ಆದರೂ ಚುಚ್ಚಿತು. ಕಾಸರಗೋಡಿನ ಕನ್ನಡಿಗರಿಗೆ ಏನಿಲ್ಲ ಎಂದು ಎಣಿಸಿ ಹೇಳುವವರು, ಊರು ಕೇರಳಕ್ಕೆ ಸೇರಿದ 1956ರಿಂದಲೂ ಇದ್ದಾರೆ. ಇರುವುದು ಏನೆಂದು ಗುಡ್ಡೆ ಹತ್ತಿ ನೋಡುವವರು ಕಡಿಮೆ. ಆ ಇಳಿಜಾರು, ಆ ಗೇರುಮರ, ಆ ಮುರಕಲ್ಲು (ಕೆಂಪುಕಲ್ಲು) ಇದ್ದ ಹಾಗೇ ಇದ್ದರೆ ಮಾತ್ರ ರುಚಿಸುವ ಆಟವೊಂದಿದೆ. ಅದರ ಹೆಸರು ಡಿಸ್ಕ್ ಗಾಲ್ಫ್.

ಗಾಲ್ಫಿನ ಹಾಗೆ ಇಲ್ಲೂ ಆಟದ ಒಂದೊಂದು ಹಂತಕ್ಕೆ ‘ಹೋಲ್’ ಎಂದು ಹೆಸರು; ಪ್ರತಿ ಹೋಲಿಗೂ ಹೊರಡುವ ಜಾಗ ಒಂದು, ಮುಟ್ಟುವ ಗುರಿ ಒಂದು. ಕೋಲು, ಚೆಂಡಿನ ಬದಲು ಕೈಯಲ್ಲಿ ತಟ್ಟೆಯಾಕಾರದ ಪ್ಲಾಸ್ಟಿಕ್ ಡಿಸ್ಕ್. ನೆಲದ ಕುಳಿಯ ಬದಲು ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿ, ಅದರ ಅಂಚು ನೆಲದಿಂದ ಸುಮಾರು 82 ಸೆಂಟಿಮೀಟರ್ ಎತ್ತರ, ಮೇಲಿನಿಂದ ಇಳಿಬಿದ್ದ ಸರಪಳಿಗಳು. ಡಿಸ್ಕ್ ಸರಪಳಿಗೆ ಬಡಿದು ವೇಗ ಕಳೆದುಕೊಂಡು ಬುಟ್ಟಿಗೆ ಬೀಳುತ್ತದೆ. ಬಿದ್ದಲ್ಲಿಂದ ಮತ್ತೆ ಮತ್ತೆ ಎಸೆಯುತ್ತಾ ಹೋಗಿ, ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಮೊದಮೊದಲು ಆಡಿದವರಿಗೆ ಮರ, ದೀಪದ ಕಂಬ, ಕಸದ ಡಬ್ಬಿಗಳೇ ಗುರಿ. ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಅಂಗಣ ಮಾಡಿದಾಗಲೂ ಬರೀ ಕಂಬಗಳಿದ್ದವು. ಸರಪಳಿಯ ಬುಟ್ಟಿ ಬಂದದ್ದು ಆಮೇಲೆ. ಅದೇ ರಾಜ್ಯದ ಸಾಂತಾ ಕ್ರೂಜ್ ಊರಿನ ಡಿಲವಿಯೇಗ ಪಾರ್ಕಿನಲ್ಲಿ 1984ರಿಂದ ಇರುವ ಅಂಗಣವಂತೂ ಪೂರ್ತಿ ಗುಡ್ಡ, ಕಣಿವೆ, ಮರ. ಅಲ್ಲಿನ ಕೊನೆಯ, 27ನೆಯ ಹೋಲಿಗೆ ‘ಟಾಪ್ ಆಫ್ ದ ವರ್ಲ್ಡ್’ ಎಂದೇ ಹೆಸರು. ನೆತ್ತಿಯಲ್ಲಿ ನಿಂತು ಕೆಳಗಿನ ಬುಟ್ಟಿಗೆ ಎಸೆಯಬೇಕು. ಅದನ್ನು ತಟ್ಟು ಮಾಡಿದರೆ ಆಟವೇ ಹೋಯಿತು.

ಇನ್ನು ಗಡಿಯಾಚೆ ಕರ್ನಾಟಕದ ಪಾರ್ಕುಗಳನ್ನು ನೋಡಿ. ಬೆಂಗಳೂರಿನ ಬಡಾವಣೆಯ ಪಾರ್ಕಿಗೆ ಸುತ್ತ ಗ್ರಿಲ್ಲು, ಒಳಗೆ ಇಂಟರ್‌ಲಾಕ್ ಹಾಸಿದ ದಾರಿ, ಹುಲ್ಲಿನ ಮೇಲೆ ಕಾಲಿಡಬೇಡಿ, ಚೆಂಡಾಟ ಆಡಬೇಡಿ ಎಂಬ ಫಲಕ. ಆಡಬೇಕಾದರೆ ಬೇರೆ ಮೈದಾನಕ್ಕೆ ಹೋಗಬೇಕು, ಮೈದಾನ ಎಂದ ಮೇಲೆ ಅದು ತಟ್ಟಾಗಿರಲೇಬೇಕು. ನಡೆಯುವವರಿಗೆ ಒಂದು, ಆಡುವವರಿಗೆ ಒಂದು, ಮರಕ್ಕೆ ಒಂದು ಎಂದು ಜಾಗ ಪಾಲು ಮಾಡಿ ಬೇಲಿ ಹಾಕುವ ಬುದ್ಧಿ ಇದು. ಮಂಗಳೂರು ಗುಡ್ಡೆಗಳ ಮೇಲೇ ಬೆಳೆದ ಊರು. ಅಲ್ಲೂ ಆಟಕ್ಕೆ ಜಾಗ ಬೇಕೆಂದರೆ ಮೊದಲು ಬಾಯಿಗೆ ಬರುವುದು ಜೆಸಿಬಿ.

ನಮ್ಮಲ್ಲಿ ತಗ್ಗಿನಲ್ಲಿ ತೋಟ, ನಡುವೆ ಮನೆ, ಮೇಲೆ ಗುಡ್ಡೆ. ಸೊಪ್ಪಿಗೆ ಹೋಗುವವರು, ಗೇರುಬೀಜ ಹೆಕ್ಕುವವರು, ಶಾಲೆಗೆ ಅಡ್ಡದಾರಿ ಹಿಡಿಯುವ ಮಕ್ಕಳು ಎಲ್ಲರ ಕಾಲುದಾರಿಯೂ ಅಲ್ಲೇ. ಅದರ ಹೊಟ್ಟೆಯಲ್ಲಿ ನೀರಿಗೆಂದು ಅಡ್ಡಕ್ಕೆ ತೋಡಿದ ಸುರಂಗ. ಒಬ್ಬಾಳು ನುಸುಳುವಷ್ಟು ಅಗಲ, ಆರಡಿ ಎತ್ತರ ಕಡಿದ ಆ ಸುರಂಗದಲ್ಲಿ ಬೇಸಗೆಯಲ್ಲೂ ತೊಟ್ಟಿಕ್ಕುವುದು ಮಳೆಗಾಲದಲ್ಲಿ ಮೇಲಿನ ಗುಡ್ಡೆ ಕುಡಿದ ನೀರು. ನೆತ್ತಿ ಕೆರೆದರೆ ಮಣ್ಣಿನ ಜತೆ ಬೇರೂ ಹೋಗುತ್ತದೆ, ನೀರು ಇಂಗದೆ ಓಡುತ್ತದೆ. ಗುಡ್ಡೆಯನ್ನು ಖಾಲಿ ಜಾಗ ಎಂದು ಕರೆಯುವವರಿಗೆ ಈ ಲೆಕ್ಕ ಗೊತ್ತಿಲ್ಲ.

ಇಳಿಜಾರೇ ಹೇಗೆ ಆಟವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಬಲಗೈಯವರು ಎದೆಗೆ ಅಡ್ಡವಾಗಿ ಹಿಂದಕ್ಕೆ ಎಳೆದು ಬೀಸಿದ ಡಿಸ್ಕ್, ವೇಗವಿರುವಷ್ಟು ಹೊತ್ತು ನೇರ ಅಥವಾ ತುಸು ಬಲಕ್ಕೆ ಹೋಗಿ, ವೇಗ ಇಳಿದಾಗ ಎಡಕ್ಕೆ ವಾಲುತ್ತದೆ. ಏರಿಗೆ ಎಸೆದರೆ ವೇಗ ಬೇಗ ಸಾಯುತ್ತದೆ, ಹಾಗಾಗಿ ಎಡಕ್ಕೆ ವಾಲುವುದೂ ಬೇಗ. ತಗ್ಗಿಗೆ ಎಸೆದರೆ ಗಾಳಿಯಲ್ಲಿ ಇರುವ ಹೊತ್ತು ಹೆಚ್ಚು, ಬಲಕ್ಕೆ ತಿರುಗಿದ್ದು ಹಾಗೇ ಬಲಕ್ಕೆ ಉಳಿದು ಎಲ್ಲೋ ತೋಟಕ್ಕೆ ಇಳಿಯುತ್ತದೆ. ದೂರಕ್ಕೆ ಒಂದು ಒರಟು ಲೆಕ್ಕವಿದೆ: ಬುಟ್ಟಿ ಒಂದಡಿ ಮೇಲಿದ್ದರೆ ಮೂರಡಿ ಹೆಚ್ಚು ದೂರವೆಂದು, ಒಂದಡಿ ಕೆಳಗಿದ್ದರೆ ಮೂರಡಿ ಕಡಿಮೆಯೆಂದು ಎಣಿಸಿಕೊಳ್ಳುವುದು. ಇಪ್ಪತ್ತಡಿ ಏರಿದ್ದರೆ 200 ಅಡಿಯ ಹೋಲನ್ನು 260 ಅಡಿಯದ್ದೆಂದು ತಿಳಿದು ಎಸೆಯಬೇಕು.

ಏರಿಗೆ ಎಸೆಯುವಾಗ ಹೆಚ್ಚಿನವರು ಮಾಡುವ ತಪ್ಪು, ಮೈ ನೇರ ಇಟ್ಟು ಕೈಯನ್ನು ಮಾತ್ರ ಮೇಲಕ್ಕೆ ಬೀಸುವುದು. ಆಗ ಡಿಸ್ಕಿನ ಮುಂದಿನ ಅಂಚು ಎದ್ದು, ಗಾಳಿ ಹೊಟ್ಟೆಗೆ ಬಡಿದು, ಡಿಸ್ಕ್ ಮುಂದೆ ಹೋಗದೆ ಮೇಲಕ್ಕೆದ್ದು ಎಡಕ್ಕೆ ಕುಸಿಯುತ್ತದೆ. ಎರಡೂ ಭುಜಗಳ ಗೆರೆ ಗುಡ್ಡೆಯ ಗೆರೆಗೆ ಸಮನಾಗುವ ಹಾಗೆ ಸೊಂಟದಿಂದ ಮೇಲಿನ ಮೈಯನ್ನೇ ಹಿಂದಕ್ಕೆ ವಾಲಿಸಿ, ಡಿಸ್ಕನ್ನು ಆ ಇಳಿಜಾರಿಗೆ ಸಮಾನಾಂತರವಾಗಿ ಎಳೆಯಬೇಕು. ತಗ್ಗಿಗಾದರೆ ಇದರ ತಿರುಗು. ನಿಂತ ನೆಲ ಓರೆಯಾಗಿದ್ದರೆ ಓಡಿ ಬಂದು ಎಸೆಯುವುದು ಬೇಡ. ಮುಂದಿನ ಕಾಲು ತಿರುಗಲಾಗದೆ ಮಂಡಿ ತಿರುಚುವುದು ಹೆಚ್ಚಾಗಿ ಅಲ್ಲೇ.

ಬುಟ್ಟಿಯ ಹತ್ತಿರ ಬಂದಾಗ ಗುಡ್ಡೆ ಇನ್ನೊಂದು ಪಾಠ ಕಲಿಸುತ್ತದೆ. ಡಿಸ್ಕ್ ಚಪ್ಪಟೆಯಾಗಿ ಇಳಿದರೆ ಬಿದ್ದಲ್ಲೇ ನಿಲ್ಲುತ್ತದೆ, ಅಂಚು ಮೊದಲು ತಾಗಿದರೆ ಬಂಡಿಯ ಚಕ್ರದ ಹಾಗೆ ಉರುಳುತ್ತದೆ. ಮುರಕಲ್ಲಿನ ಹರಳು ಹರಡಿದ ಇಳಿಜಾರಿನಲ್ಲಿ ಐದು ಮೀಟರಿನ ಗುರಿ ತಪ್ಪಿದ್ದು ಮೂವತ್ತು ಮೀಟರ್ ಕೆಳಗೆ ಸಿಗುವುದು ಸಾಮಾನ್ಯ. ಆದ್ದರಿಂದ ತಗ್ಗಿನ ಕಡೆಗೆ ಎಸೆಯುವಾಗ ಸರಪಳಿಗೆ ರಭಸದಿಂದ ಗುರಿಯಿಡದೆ, ತಪ್ಪಿದರೂ ಬುಟ್ಟಿಯ ಬುಡದಲ್ಲಿ ಕೂರುವ ಹಾಗೆ ಹಗುರಾಗಿ ತೇಲಿಸಿ ಬಿಡಬೇಕು. ಬುಟ್ಟಿಯಿಂದ 10 ಮೀಟರ್ ಒಳಗೆ ನಿಂತು ಎಸೆದ ಮೇಲೆ ಮೈ ಸ್ಥಿರವಾದದ್ದು ಕಾಣಿಸದೆ ಮುಂದೆ ಹೆಜ್ಜೆ ಇಡಬಾರದು ಎಂಬ ನಿಯಮವಿದೆ. ತಟ್ಟು ನೆಲದಲ್ಲಿ ಅದೇನೂ ಅಲ್ಲ. ಓರೆಯಲ್ಲಿ ಅದೇ ಒಂದು ಪರೀಕ್ಷೆ.

ಮರಗಳ ನಡುವೆ ಬೇಕಾದದ್ದು ಬಲಕ್ಕಿಂತ ಸಂದು ಹುಡುಕುವ ಕಣ್ಣು. ಎರಡು ಮೀಟರ್ ಅಗಲದ ಒಂದು ಸಂದು 8 ಮೀಟರ್ ದೂರದಲ್ಲಿದ್ದರೆ ಎಡಬಲಕ್ಕೆ ಆರಾರು ಡಿಗ್ರಿ ತಪ್ಪಿದರೂ ಡಿಸ್ಕ್ ದಾಟುತ್ತದೆ. ಅದೇ ಸಂದು 20 ಮೀಟರ್ ದೂರದಲ್ಲಿದ್ದರೆ ಮೂರು ಡಿಗ್ರಿಯೂ ಸಿಗುವುದಿಲ್ಲ. ಅದಕ್ಕೇ ಮೊದಲು ಹತ್ತಿರದ ಸಂದು ದಾಟುವುದನ್ನು ನೋಡಬೇಕು, ದೂರದ್ದನ್ನು ಆಮೇಲೆ. ಪೂರ್ತಿ ಬಲ ಹಾಕಿದ್ದು ಮರಕ್ಕೆ ಬಡಿದರೆ ಪೊದೆಯೊಳಗೆ ಹಾರುತ್ತದೆ, ಅರ್ಧಕ್ಕಿಂತ ತುಸು ಹೆಚ್ಚು ಬಲದ್ದಾದರೆ ಬುಡದಲ್ಲೇ ಬೀಳುತ್ತದೆ. ಅಕೇಶಿಯ ನೆಟ್ಟ ಗುಡ್ಡೆಯಲ್ಲಿ ಕಾಂಡ ನೆಟ್ಟಗೆ, ಸಂದು ಉದ್ದುದ್ದ. ಗೇರುಮರದ್ದು ಬೇರೆಯೇ ಸಮಸ್ಯೆ. ಕೊಂಬೆ ಸೊಂಟದೆತ್ತರದಿಂದಲೇ ಹರಡಿರುತ್ತದೆ, ಅದರಡಿ ಮೊಣಕಾಲೂರಿ ಕೆಳಮಟ್ಟದಲ್ಲಿ ಬೀಸಬೇಕು. ಮೇಲೆ ಸಿಕ್ಕಿಹಾಕಿಕೊಂಡರೆ ದೋಟಿ ಇದ್ದೇ ಇದೆ.

ಈ ಆಟದ ನಿಯಮಗಳಲ್ಲಿ ಮನಸ್ಸಿಗೆ ಹಿಡಿದದ್ದು ಇದು: ಅಡ್ಡ ಬಂದ ಕೊಂಬೆಯನ್ನು ಮುರಿಯುವಂತಿಲ್ಲ, ಬಗ್ಗಿಸಿ ಹಿಡಿಯುವಂತೆಯೂ ಇಲ್ಲ. ಡಿಸ್ಕ್ ಬಿದ್ದಲ್ಲಿ, ಅದರ ಹಿಂದೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗದಲ್ಲಿ ಕಾಲೂರಿ, ಕೊಂಬೆ ಆದಷ್ಟು ಕಡಿಮೆ ಅಲುಗುವ ಹಾಗೆ ನಿಲ್ಲಬೇಕು. ಕೇಪಳದ ಗಿಡಕ್ಕೂ ಆಟದಲ್ಲಿ ಒಂದು ಹಕ್ಕಿದೆ ಎಂದ ಹಾಗೆ.

ಡಿಸ್ಕಿನ ವಿಷಯ. ಹಾಳೆತಟ್ಟೆ ಎಸೆದು ನೋಡಿದ ಮಕ್ಕಳಿಗೆಲ್ಲ ಗೊತ್ತು, ಅದು ಹತ್ತು ಮಾರು ಹೋಗುವುದರೊಳಗೆ ಮಗುಚುತ್ತದೆ. ಅಂಚಿನಲ್ಲಿ ಭಾರವಿಲ್ಲದ್ದೇ ಕಾರಣ. ಗಾಲ್ಫ್ ಡಿಸ್ಕಿನ ಭಾರ ಹೆಚ್ಚಾಗಿ ಅಂಚಿನಲ್ಲಿ, ಅದಕ್ಕೇ ತಿರುಗುತ್ತಾ ನಿಲುವು ಹಿಡಿದು ಹೋಗುತ್ತದೆ. ಅಡ್ಡಳತೆ 21 ಸೆಂಟಿಮೀಟರಿನ ಆಸುಪಾಸು, ತೂಕ ಹೆಚ್ಚಾಗಿ 150ರಿಂದ 175 ಗ್ರಾಂ. ಮೈಮೇಲೆ ಸಾಮಾನ್ಯವಾಗಿ ನಾಲ್ಕು ಅಂಕೆಗಳಿರುತ್ತವೆ: ಎಷ್ಟು ವೇಗ ಬೇಡುತ್ತದೆ, ಎಷ್ಟು ತೇಲುತ್ತದೆ, ಮೊದಲು ಎಷ್ಟು ಬಲಕ್ಕೆ, ಕೊನೆಗೆ ಎಷ್ಟು ಎಡಕ್ಕೆ. ಹೊಸಬರು ಮೊದಲ ಅಂಕೆ 12, 13 ಇರುವ, ದೂರಕ್ಕೆ ಎಸೆಯುವ ‘ಡ್ರೈವರ್’ ಡಿಸ್ಕ್ ಕೊಂಡು ಕೈಸೋಲುತ್ತಾರೆ. ಅಷ್ಟು ವೇಗ ಕೈಯಲ್ಲಿಲ್ಲದಿದ್ದರೆ ಅದು ನೇರ ಎಡಕ್ಕೆ ಬೀಳುತ್ತದೆ. ಮರ, ಗುಡ್ಡೆಯ ಅಂಗಣಕ್ಕೆ ಹತ್ತಿರದ ಗುರಿಗೆ ಒಂದು ಪಟ್ಟರ್, ನಡುದೂರಕ್ಕೆ ಒಂದು ಮಿಡ್‌ರೇಂಜ್ ಸಾಕು. ಅಗ್ಗದ ಮೆದು ಪ್ಲಾಸ್ಟಿಕ್ಕಿನ ಅಂಚು ಮುರಕಲ್ಲಿಗೆ ಬಡಿದು ಬಡಿದು ಹಲ್ಲು ಬರುತ್ತದೆ, ಆಮೇಲೆ ಹೆಚ್ಚು ಹೆಚ್ಚು ಬಲಕ್ಕೆ ತಿರುಗುತ್ತದೆ. ಬಣ್ಣ ಕೆಂಪು, ಕಿತ್ತಳೆ ಬೇಡ, ನಮ್ಮ ನೆಲದ ಬಣ್ಣವೇ ಅದು. ತರಗೆಲೆಯಲ್ಲಿ ತಿಳಿನೀಲಿ, ಗುಲಾಬಿ ಚೆನ್ನಾಗಿ ಕಾಣುತ್ತದೆ. ಹುಡುಕಲು ನಿಯಮದ ಪ್ರಕಾರ ಸಿಗುವುದು ಮೂರೇ ನಿಮಿಷ, ಮತ್ತೆ ದಂಡದ ಎಸೆತ. ಹುಡುಕುವಾಗ ಕೈ ಹಾಕಬಾರದು, ಕೋಲಿನಿಂದ ಎಲೆ ಸರಿಸಬೇಕು. ವಿಷದ ಕನ್ನಡಿ ಹಾವಿಗೂ ತರಗೆಲೆ ಇಷ್ಟ.

ಒಂಬತ್ತು ಹೋಲಿನ ಸಣ್ಣ ಅಂಗಣಕ್ಕೆ ಐದಾರು ಎಕರೆ ಗುಡ್ಡೆ ಸಾಕು. ಹೋಲುಗಳು 40ರಿಂದ 90 ಮೀಟರ್ ಇರಲಿ. ಹೋಲನ್ನು ಗುಡ್ಡೆಯ ನೆತ್ತಿಯಿಂದ ಬುಡಕ್ಕೆ ನೇರ ಇಳಿಸಿದರೆ ಜನ ನಡೆದ ದಾರಿಯೇ ಎರಡು ಮಳೆಗಾಲದಲ್ಲಿ ತೋಡಾಗುತ್ತದೆ. ಹೆಚ್ಚಿನವನ್ನು ಅಡ್ಡಕ್ಕೆ, ಗುಡ್ಡೆಯ ಮೈ ಬಳಸಿ ಹಾಕಬೇಕು. ಸೊಪ್ಪಿನವರ, ಶಾಲೆ ಮಕ್ಕಳ ಕಾಲುದಾರಿಗೆ ಅಡ್ಡವಾಗಿ ಒಂದೂ ಬೇಡ. ಹಳೆಯ ಕಲ್ಲುಕೋರೆ ಇದ್ದರೆ ಅದರಿಂದ ದೂರ, ಬೇಲಿ ಕಟ್ಟಿಯೇ. ಮರ ಕಡಿಯಬೇಕಾಗಿಲ್ಲ, ಕೆಳಗಿನ ಒಣಕೊಂಬೆ ತೆಗೆದರೆ ದಾರಿ ತೆರೆಯುತ್ತದೆ. ಮತ್ತೆ ಮತ್ತೆ ಪೆಟ್ಟು ತಿನ್ನುವ ಕಾಂಡಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಬೇಕು. ಬುಟ್ಟಿಯ ಸುತ್ತ ಮಣ್ಣು ತುಳಿದು ಗಟ್ಟಿಯಾಗಿ ಬೇರು ಮೇಲೇಳುತ್ತದೆ, ಆದ್ದರಿಂದ ಪ್ರತಿ ಹೋಲಿಗೂ ಎರಡು ಕಡೆ ಕಂಬದ ಕುಳಿ ಮಾಡಿಟ್ಟು ಆರು ತಿಂಗಳಿಗೊಮ್ಮೆ ಬುಟ್ಟಿ ಬದಲಿಸಬೇಕು, ಬಿಟ್ಟ ಜಾಗಕ್ಕೆ ತರಗೆಲೆ ಹಾಸಬೇಕು. ಬುಟ್ಟಿಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಸರಪಳಿ ಹೊರಗೆ 12, ಒಳಗೆ 6 ಇರಲಿ. ಒಳಸಾಲು ಇಲ್ಲದಿದ್ದರೆ ವೇಗದ ಡಿಸ್ಕ್ ಕಂಬದ ಬದಿಯಿಂದ ನುಸುಳಿ ಆಚೆ ಹೋಗುತ್ತದೆ. ಕಡಲಗಾಳಿಗೆ ಗ್ಯಾಲ್ವನೈಸ್ ಮಾಡಿದ್ದೇ ಬೇಕು.

ಎಸೆಯುವ ಕಟ್ಟೆಗೆ ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾಗುವ ಮೊದಲು ಹಿಡಿಸೂಡಿಯಿಂದ ಅಡ್ಡಕ್ಕೆ ಗೆರೆ ಎಳೆಯಬೇಕು. ನುಣುಪು ಮಾಡಿದರೆ ಆಟಿ ತಿಂಗಳ ಮಳೆಗೆ ಪಾಚಿ ಹಿಡಿದು ಆಮೇಲೆ ಒಬ್ಬರಾದರೂ ಬೀಳುತ್ತಾರೆ. ನಮ್ಮ ಮಳೆಗೆ ಜೂನಿನಿಂದ ಸೆಪ್ಟೆಂಬರ್ ತನಕ ಅಂಗಣ ಮುಚ್ಚುವುದೇ ಒಳ್ಳೆಯದು, ಆಟಗಾರರಿಗಿಂತ ಹೆಚ್ಚು ಮಣ್ಣಿನ ದೃಷ್ಟಿಯಿಂದ.

ಇಷ್ಟು ಬರೆದ ಮೇಲೆ ಭಾವನವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಕಬಡ್ಡಿ, ವಾಲಿಬಾಲ್ ಓರೆಯಲ್ಲಿ ಆಗದು, ಯಕ್ಷಗಾನದ ಮೇಳ ಬಂದಾಗ ರಂಗಸ್ಥಳ ಏಳುವುದೂ ತಟ್ಟಿನಲ್ಲೇ. ಮಂಡಿನೋವಿನ ಅತ್ತೆಯಂದಿರಿಗೆ ಮಂಗಳೂರಿನ ಕದ್ರಿ ಪಾರ್ಕಿನಂಥ ದಾರಿ ಬೇಕು, ಗುಡ್ಡೆಯ ಮೆಟ್ಟಿಲಲ್ಲ. ಡಿಸ್ಕ್ ಎಸೆಯುವ ಹುಚ್ಚು ಹತ್ತಿದ ಎಳೆಯರ ತಂಡಗಳು, ಗಾಲ್ಫಲ್ಲದಿದ್ದರೂ ಡಿಸ್ಕನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ‘ಅಲ್ಟಿಮೇಟ್’ ಎಂಬ ತಂಡದ ಆಟ ಆಡುವವು, ಇರುವುದೂ ಬೆಂಗಳೂರಿನಂಥ ಊರುಗಳಲ್ಲೇ. ಗುಡ್ಡೆ ಕಡಿಯುವುದು ಗಡಿಯಾಚೆಯವರ ಚಾಳಿ ಮಾತ್ರವೂ ಅಲ್ಲ. 2024ರ ಜುಲೈಯಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾವು ಅತ್ತ ಬೆರಳು ತೋರಿಸಿದೆವು. ಮರುವರ್ಷ ಅದೇ ಹೆದ್ದಾರಿ 66ರಲ್ಲಿ ನಮ್ಮ ಚೆರ್ವತ್ತೂರಿನ ವೀರಮಲೆಯೂ ಕುಸಿಯಿತು.

ಆದರೂ ಭಾವನಿಗೆ ಒಂದು ಲೆಕ್ಕ ಒಪ್ಪಿಸಬೇಕು. ಎಸೆಯುವ ಕಟ್ಟೆ ಒಂದಕ್ಕೆ 5 ಅಡಿ ಅಗಲ, 10 ಅಡಿ ಉದ್ದ. ಒಂಬತ್ತಕ್ಕೆ ಒಟ್ಟು 450 ಚದರಡಿ, ಅಂದರೆ ಒಂದು ವಾಲಿಬಾಲ್ ಅಂಕಣದ ಕಾಲುಭಾಗ. ಇಡೀ ಗುಡ್ಡೆಯಲ್ಲಿ ತಟ್ಟು ಮಾಡಬೇಕಾದದ್ದು ಅಷ್ಟೇ, ಅದಕ್ಕೆ ಪಿಕ್ಕಾಸು, ಹಾರೆ ಸಾಕು. ಜಾಗ ಗುರುತು ಮಾಡಲು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಬಿಟ್ಟ ಕೂಡಲೇ ಬನ್ನಿ. ನೀರು ಎಲ್ಲೆಲ್ಲಿ ಹರಿದಿದೆ ಎಂಬ ಗೆರೆ ಆಗ ನೆಲದ ಮೇಲೆ ಇನ್ನೂ ಕಾಣುತ್ತಿರುತ್ತದೆ.